ಸೇರಿಸಿದ ಕ್ರಮ ಉಳಿಸುವ ಡಿಕ್ಷನರಿ: ಹೊಸಬರಿಗೆ ಕಿವಿಮಾತು

• ಕೋಡ್ ಬರೆಯುವ ಮೊದಲು ಯಾವ ಕ್ರಮ ಬೇಕು ಅಂತ ತೀರ್ಮಾನ ಮಾಡಿಕೋ, ಮಗು. ಕೀಗಳನ್ನು ಸೇರಿಸಿದ ಕ್ರಮವೇ ಬೇರೆ, ಅಕಾರಾದಿ ಕ್ರಮವೇ ಬೇರೆ. ಅಕಾರಾದಿ ಬೇಕಿದ್ದರೆ ಸೇರಿಸಿದ ಕ್ರಮವನ್ನಷ್ಟೇ ನೆನಪಿಡುವ ಪೈಥಾನಿನ ಆರ್ಡರ್ಡ್‌ಡಿಕ್ಟ್ ನಿನ್ನ ಕೆಲಸಕ್ಕೆ ಬರುವುದಿಲ್ಲ. ಟ್ರೀ ಕಡೆಗೆ ನೋಡು.

• ಕೀಗಳನ್ನೆಲ್ಲ ಪಕ್ಕದಲ್ಲೊಂದು ಲಿಸ್ಟ್‌ನಲ್ಲಿ ಇಟ್ಟುಕೊಳ್ಳೋಣ ಅನ್ನುವುದು ಎಲ್ಲರಿಗೂ ಮೊದಲು ಹೊಳೆಯುತ್ತದೆ. ಸೇರಿಸುವಾಗ ತೊಂದರೆಯಿಲ್ಲ, ಆದರೆ ಒಂದು ಕೀ ಅಳಿಸಲು ಇಡೀ ಲಿಸ್ಟ್ ಜಾಲಾಡಬೇಕು. 2009ರಲ್ಲಿ ಪೈಥಾನ್ 3.1ರ ಜೊತೆ ಬಂದ ಆರ್ಡರ್ಡ್‌ಡಿಕ್ಟ್ ಇದಕ್ಕೆ ಡಬ್ಲಿ ಲಿಂಕ್ಡ್ ಲಿಸ್ಟ್ ಬಳಸಿತು. ಯಾವ ಕೀಯ ಕೊಂಡಿ ಎಲ್ಲಿದೆ ಅನ್ನುವುದು ಇನ್ನೊಂದು ಡಿಕ್ಷನರಿಯಲ್ಲಿರುತ್ತದೆ. ಅಳಿಸುವಾಗ ಅಕ್ಕಪಕ್ಕದ ಎರಡು ಕೊಂಡಿಗಳನ್ನು ಒಂದಕ್ಕೊಂದು ಸೇರಿಸಿದರೆ ಆಯಿತು. ಆ ಕೋಡ್ ಚಿಕ್ಕದು, ಕೂತು ಓದು.

• ಪೈಥಾನ್ ಕಟ್ಟುವವರಲ್ಲಿ ಒಬ್ಬರಾದ ರೇಮಂಡ್ ಹೆಟಿಂಗರ್ 2012ರಲ್ಲಿ ಮುಂದಿಟ್ಟ ಕಾಂಪ್ಯಾಕ್ಟ್ ಡಿಕ್ಟ್ ಅನ್ನು ಕಾಗದದ ಮೇಲೆ ಒಮ್ಮೆ ಬರೆದು ನೋಡಲೇಬೇಕು. ಎಂಟು ಸ್ಲಾಟ್‌ಗಳ ಟೇಬಲ್, ಒಳಗೆ ಮೂರೇ ಕೀ ಅಂದುಕೋ. ಹ್ಯಾಶ್, ಕೀ, ವ್ಯಾಲ್ಯೂ ಮೂರಕ್ಕೂ ಸೇರಿ ಸ್ಲಾಟ್‌ಗೆ 24 ಬೈಟ್. ಹಳೆಯ ರೀತಿಯಲ್ಲಿ ಖಾಲಿ ಸ್ಲಾಟ್‌ಗೂ ಅಷ್ಟೇ ಜಾಗ, ಒಟ್ಟು 192. ಅವರು ಆ ಎಂಟು ಸ್ಲಾಟ್‌ಗಳಲ್ಲಿ ಒಂದೊಂದು ಬೈಟಿನ ಇಂಡೆಕ್ಸ್ ಮಾತ್ರ ಉಳಿಸಿ, ನಿಜವಾದ ಮೂರು ಎಂಟ್ರಿಗಳನ್ನು ಬೇರೊಂದು ಅರೇಯಲ್ಲಿ ಬಂದ ಹಾಗೇ ಸಾಲಾಗಿ ಜೋಡಿಸಿದರು. 8 ಮತ್ತು 72 ಸೇರಿ 80 ಬೈಟ್! ಮೆಮೊರಿ ಉಳಿಸಲು ಹೊರಟ ವಿನ್ಯಾಸಕ್ಕೆ ಕ್ರಮವೂ ಒಲಿದು ಬಂತು. ಪೈಥಾನ್ 3.6ರಲ್ಲಿ ಇದು ಮಾಮೂಲಿ ಡಿಕ್ಷನರಿಯೊಳಗೇ ಸೇರಿತು, 2018ರ 3.7ರಿಂದ ಕ್ರಮ ಉಳಿಯುವುದು ಭಾಷೆಯ ನಿಯಮವೇ ಆಯಿತು.

• ಹಾಗಂತ ಆರ್ಡರ್ಡ್‌ಡಿಕ್ಟ್ ಹಳತಾಯಿತು ಅನ್ನಬೇಡ. ಮಾಮೂಲಿ ಡಿಕ್ಷನರಿಯಲ್ಲಿ ಕೀ ಅಳಿಸಿದ ಜಾಗ ಖಾಲಿಯಾಗಿಯೇ ಉಳಿದಿರುತ್ತದೆ. ಮುಂದಿನಿಂದ ಒಂದೊಂದೇ ತೆಗೆಯುತ್ತ ಹೋದರೆ ಪ್ರತಿ ಸಲವೂ ಆ ಖಾಲಿ ಜಾಗಗಳನ್ನೆಲ್ಲ ದಾಟಿಯೇ ಮೊದಲ ಕೀ ಹುಡುಕಬೇಕು. ಬಳಸಿ ಹೆಚ್ಚು ಹೊತ್ತಾದದ್ದನ್ನು ಮೊದಲು ಹೊರಹಾಕುವ ಎಲ್‌ಆರ್‌ಯು ಕ್ಯಾಶ್ ಕಟ್ಟುವವರಿಗೆ ಇದು ದುಬಾರಿ. ಆರ್ಡರ್ಡ್‌ಡಿಕ್ಟ್‌ನ ಕೀಯನ್ನು ಕೊನೆಗೆ ಸರಿಸುವ ಮೂವ್ ಟು ಎಂಡ್ ಅವರಿಗೆ ಹೇಳಿ ಮಾಡಿಸಿದ್ದು.

• ವೇಗದ ಬಗ್ಗೆ ವಾದ ಬೇಡ. ನಿನ್ನದೇ ಡೇಟಾ ಹಾಕಿ ಅಳೆ.

• ಅಂಚಿನ ಪ್ರಶ್ನೆಗಳಿಗೆ ಮೊದಲೇ ಟೆಸ್ಟ್ ಬರೆದಿಡು. ಇರುವ ಕೀಗೆ ಹೊಸ ವ್ಯಾಲ್ಯೂ ಕೊಟ್ಟರೆ ಅದು ಇದ್ದಲ್ಲೇ ಇರಬೇಕೇ? ಪೈಥಾನ್‌ನಲ್ಲಿ ಇರುತ್ತದೆ, ಅಳಿಸಿ ಮತ್ತೆ ಸೇರಿಸಿದರೆ ಮಾತ್ರ ಕೊನೆಗೆ ಹೋಗುತ್ತದೆ. ಕ್ರಮ ಬೇರೆಯಾದರೆ ಎರಡು ಡಿಕ್ಷನರಿ ಸಮವೇ? ಎರಡೂ ಆರ್ಡರ್ಡ್‌ಡಿಕ್ಟ್ ಆದರೆ ಅಲ್ಲ, ಒಂದು ಮಾಮೂಲಿಯದಾದರೆ ಸಮ. ನಿನ್ನ ವಿನ್ಯಾಸ ಏನು ಹೇಳುತ್ತದೋ ಅದನ್ನು ಡಾಕ್ಯುಮೆಂಟೇಶನ್‌ನಲ್ಲಿ ಬಿಡಿಸಿ ಬರೆ.