ನೀರು ತಿಳಿಯಾಗಿದ್ದರೆ ಸಾಕೇ?



ಅಕ್ಕಲಕೋಟ ತಾಲೂಕಿನ ಚಪಳಗಾಂವದಂಥ ಊರಿನಲ್ಲಿ ನಾವು ನೀರು ಎಲ್ಲಿಂದ ತರುತ್ತೇವೆ? ನಲ್ಲಿಯಿಂದ, ಬೋರಿನಿಂದ, ಬಾವಿಯಿಂದ. ಕೊಡ ತುಂಬುವಾಗ ನೀರು ತಿಳಿ ಅದ ಏನು ಅಂತ ನೋಡುತ್ತೇವೆ. ಬಾಯಿಗೆ ಹಾಕಿ ರುಚಿ ನೋಡುತ್ತೇವೆ. ಹಿರಿಯರು ಅಂತಾರೆ: "ಯವ್ವಾ, ನಮ್ಮ ಮುತ್ಯಾನ ಕಾಲದಿಂದ ಇದೇ ನೀರು ಕುಡದೀವಿ. ಏನಾಗೇದ?"

ಆದರೆ ಕಣ್ಣಿಗೆ ಕಾಣದ್ದು, ನಾಲಿಗೆಗೆ ತಿಳಿಯದ್ದು ನೀರಿನಲ್ಲಿ ಇರಬಹುದು. ಹೊಲಕ್ಕೆ ಹಾಕಿದ ಯೂರಿಯಾ, ಸಂಡಾಸಿನ ಹೊಲಸು ನೆಲದೊಳಗೆ ಇಳಿಯುತ್ತವೆ. ಆಗ ನೀರಿನಲ್ಲಿ ನೈಟ್ರೇಟ್ ಹೆಚ್ಚಾಗುತ್ತದೆ. ಅದು ಹಸುಗೂಸಿಗೆ ಬಹಳ ಕೆಟ್ಟದ್ದು. ಕೂಸಿನ ಮೈ ನೀಲಿಯಾಗಬಹುದು, ಜೀವಕ್ಕೇ ಅಪಾಯ ಆಗಬಹುದು. ಫ್ಲೋರೈಡ್ ಹೆಚ್ಚಾದರೆ ಹಲ್ಲು ಕಂದಾಗುತ್ತದೆ, ಎಲುಬು ಬಿಗಿಯುತ್ತದೆ. ಹೊಲಸಿನ ಕ್ರಿಮಿ ಸೇರಿದರೆ ವಾಂತಿ-ಭೇದಿ, ಕಾಮಾಲೆ ಬರುತ್ತದೆ. ಇವನ್ನು ತಿಳಿಯಲು ಪರೀಕ್ಷೆ ಬೇಕು.

ಅಳತೆ ಎಲ್ಲರಿಗೂ ಒಂದೇ ಇರಬೇಕು

ಒಬ್ಬರ ಸೇರು ದೊಡ್ಡದು, ಇನ್ನೊಬ್ಬರ ಸೇರು ಸಣ್ಣದು ಇದ್ದರೆ ಜೋಳದ ಲೆಕ್ಕ ಹೊಂದುತ್ತದೆಯೇ? ಇಲ್ಲ. ಅದಕ್ಕೇ ಅಂಗಡಿಯ ತೂಕದ ಕಲ್ಲಿಗೆ ಸರಕಾರದ ಮುದ್ರೆ ಇರುತ್ತದೆ. ನೀರಿನ ಪರೀಕ್ಷೆಯೂ ಹೀಗೆಯೇ. ಒಬ್ಬೊಬ್ಬರು ಒಂದೊಂದು ರೀತಿ ಮಾಡಿದರೆ ಒಂದೇ ಬಾವಿಯ ನೀರಿಗೆ ಎರಡು ಉತ್ತರ ಬರುತ್ತವೆ.

ಸಿಮೆಂಟು, ಪೈಪುಗಳ ಮೇಲೆ ಐಎಸ್‌ಐ ಗುರುತು ನೋಡಿದ್ದೀರಲ್ಲ? ಆ ಗುರುತು ಕೊಡುವುದು ಭಾರತೀಯ ಮಾನಕ ಬ್ಯೂರೋ. ಕುಡಿಯುವ ನೀರು ಹೇಗಿರಬೇಕು ಎಂದು ಅದೇ ಸಂಸ್ಥೆ ಬರೆದಿದೆ. ಆ ನಿಯಮದ ನಂಬರು 10500. ನೀರನ್ನು ಹೇಗೆ ಪರೀಕ್ಷಿಸಬೇಕು ಎಂಬ ನಿಯಮಗಳೂ ಇವೆ. ಅವುಗಳಲ್ಲಿ ಮುಖ್ಯವಾದದ್ದು 3025. ಬೇರೆ ದೇಶಗಳಲ್ಲೂ ಹೀಗೆಯೇ. ಅಮೆರಿಕದಲ್ಲಿ 1974ರ ಕುಡಿಯುವ ನೀರಿನ ಕಾಯಿದೆ ಇದೆ. ಅಲ್ಲಿಯೂ ಸರಕಾರ ಒಪ್ಪಿದ ವಿಧಾನದಿಂದಲೇ ಪರೀಕ್ಷೆ ಮಾಡಬೇಕು.

2012ರ ನಿಯಮ ಹೀಗೆ ಹೇಳುತ್ತದೆ:

ನೈಟ್ರೇಟ್: ಒಂದು ಲೀಟರ್ ನೀರಿನಲ್ಲಿ 45 ಮಿಲಿಗ್ರಾಂ ಮೀರಬಾರದು.

ಫ್ಲೋರೈಡ್: ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರೇ ಸಿಗದಿದ್ದರೆ 1.5ರ ತನಕ.

ಹೊಲಸಿನ ಕ್ರಿಮಿ: 100 ಮಿಲಿಲೀಟರ್ ನೀರಿನಲ್ಲಿ ಒಂದೂ ಕಾಣಬಾರದು.

ಬಾಟ್ಲಿ ತೊಳೆಯಬೇಕೋ, ಬೇಡವೋ?

ಪರೀಕ್ಷೆ ಪ್ರಯೋಗಶಾಲೆಯಲ್ಲಿ ಶುರುವಾಗುವುದಿಲ್ಲ. ನಮ್ಮ ನಲ್ಲಿಯ ಹತ್ತಿರವೇ ಶುರುವಾಗುತ್ತದೆ. ಗ್ರಾಮ ಪಂಚಾಯತಿಯ ಜಲಸುರಕ್ಷಕ ನೀರಿನ ನಮೂನೆ ತುಂಬುವಾಗ ನೀವೂ ನಿಂತು ನೋಡ್ರಿ.

ನೈಟ್ರೇಟ್, ಫ್ಲೋರೈಡ್ ನೋಡಲು ಒಂದು ಕ್ಯಾನು. ಅದನ್ನು ಅದೇ ನೀರಿನಿಂದ ಎರಡು-ಮೂರು ಸಲ ತೊಳೆದು ತುಂಬಬೇಕು.

ಕ್ರಿಮಿ ನೋಡಲು ಬೇರೆ ಬಾಟ್ಲಿ. ಅದು ಪ್ರಯೋಗಶಾಲೆಯಿಂದಲೇ ಬರುತ್ತದೆ. ಅದನ್ನು ತೊಳೆಯಲೇಬಾರದು! ಏಕೆ? ಅದರೊಳಗೆ ಕ್ಲೋರಿನ್ ಕೆಲಸ ನಿಲ್ಲಿಸುವ ಔಷಧ ಇರುತ್ತದೆ. ತೊಳೆದರೆ ಔಷಧ ಹೋಗುತ್ತದೆ. ಆಗ ನೀರಿನಲ್ಲಿದ್ದ ಕ್ಲೋರಿನ್ ದಾರಿಯಲ್ಲಿಯೂ ಕ್ರಿಮಿ ಕೊಲ್ಲುತ್ತಾ ಹೋಗುತ್ತದೆ. ಕೆಟ್ಟ ನೀರಿಗೆ "ಒಳ್ಳೆಯದು" ಎಂಬ ಉತ್ತರ ಬರಬಹುದು.

ನಲ್ಲಿಯ ಬಾಯಿ ಒರೆಸಿ, ಎರಡು-ಮೂರು ನಿಮಿಷ ನೀರು ಬಿಡಬೇಕು. ಆಮೇಲೆ ತುಂಬಬೇಕು. ಬಾಟ್ಲಿಯ ಬಾಯಿಗೆ, ಮುಚ್ಚಳದ ಒಳಗೆ ಕೈ ತಾಗಬಾರದು. ಮೇಲೆ ಸ್ವಲ್ಪ ಜಾಗ ಬಿಡಬೇಕು. ಊರು, ಜಾಗ, ತಾರೀಖು, ವೇಳೆ ಬರೆದು ಅಂಟಿಸಬೇಕು. ಈ ಚೀಟಿ ನೀವೇ ಬರೆಯಬಹುದು. ಬಾಟ್ಲಿಯನ್ನು ಬರ್ಫದ ಡಬ್ಬಿಯಲ್ಲಿಟ್ಟು ಬೇಗ ಕಳಿಸಬೇಕು. 24 ತಾಸು ದಾಟಬಾರದು. ಬಿಸಿಲಿನಲ್ಲಿ ಇಟ್ಟರೆ ಉತ್ತರ ಸುಳ್ಳಾಗುತ್ತದೆ.

ಊರಿನಲ್ಲೇ ಮಾಡುವ ಸಣ್ಣ ಪರೀಕ್ಷೆಯೂ ಇದೆ. ಗ್ವಾಲಿಯರ್‌ನ ವಿಜ್ಞಾನಿಗಳು 1982ರಲ್ಲಿ ಒಂದು ಸುಲಭ ಬಾಟ್ಲಿ ಪರೀಕ್ಷೆಯನ್ನು ತಿಳಿಸಿದರು. ಅದರಲ್ಲಿ ನೀರು ಕಪ್ಪಾದರೆ ಹೊಲಸು ಸೇರಿದೆ ಎಂಬ ಸಂಶಯ. 2019ರಲ್ಲಿ ಶುರುವಾದ ಜಲ ಜೀವನ ಮಿಷನ್ ಪ್ರಕಾರ ಪ್ರತಿ ಊರಿನ 5 ಹೆಣ್ಣುಮಕ್ಕಳಿಗೆ ಕಿಟ್ಟಿನ ತರಬೇತಿ ಕೊಡಬೇಕು. ಕಿಟ್ಟು ಸಂಶಯ ತೋರಿಸುತ್ತದೆ. ಖಾತ್ರಿ ಮಾಡುವುದು ಪ್ರಯೋಗಶಾಲೆ.

ವರದಿಯಲ್ಲಿ ಒಂದು ಅಕ್ಷರ

ನಮ್ಮ ಮನೆಮಾತು ಕನ್ನಡ. ವರದಿ ಮರಾಠಿಯಲ್ಲಿ ಬರುತ್ತದೆ. "ಪಿಣ್ಯಾಸ ಯೋಗ್ಯ" ಅಂದರೆ ಕುಡಿಯಲು ಯೋಗ್ಯ. "ಪಿಣ್ಯಾಸ ಅಯೋಗ್ಯ" ಅಂದರೆ ಕುಡಿಯಬಾರದು. ನಡುವೆ ಇರುವುದು ಒಂದೇ ಅಕ್ಷರ: ಅ. ಮರಾಠಿಯಲ್ಲಿ ಅದನ್ನು ಬೇರೆ ರೀತಿ ಬರೆಯುತ್ತಾರೆ. ಬಲ್ಲವರಿಂದ ಕೇಳಿ, ಪಾಟಿಯ ಮೇಲೆ ತಿದ್ದಿ ಕಲಿಯಿರಿ.

ಅಯೋಗ್ಯ ಎಂದು ಬಂದರೆ ಏಕೆ ಅಂತ ಕೇಳ್ರಿ. ಕ್ರಿಮಿ ಇದ್ದರೆ ನೀರು ಚೆನ್ನಾಗಿ ಕುದಿಸಿ ಆರಿಸಿ ಕುಡಿಯಿರಿ. ಟಿಸಿಎಲ್ ಪುಡಿ ಹಾಕಿಸಿ, ಮತ್ತೆ ಪರೀಕ್ಷೆ ಮಾಡಿಸಿ. ನೈಟ್ರೇಟ್, ಫ್ಲೋರೈಡ್ ಹೆಚ್ಚಿದ್ದರೆ ಕುದಿಸಿದರೂ ಹೋಗುವುದಿಲ್ಲ. ಬೇರೆ ನೀರೇ ಬೇಕು. ಅದನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳ್ರಿ. ವರದಿಯ ಕಾಗದ ಕೈಯಲ್ಲಿರಲಿ.

ಓದಿ, ಉತ್ತರ ಬರೆಯಿರಿ

1. ಕ್ರಿಮಿ ಪರೀಕ್ಷೆಯ ಬಾಟ್ಲಿಯನ್ನು ಏಕೆ ತೊಳೆಯಬಾರದು?
2. ಕುದಿಸಿದರೂ ನೀರಿನಿಂದ ಹೋಗದ ಎರಡು ವಸ್ತುಗಳು ಯಾವುವು?
3. ಯೋಗ್ಯ, ಅಯೋಗ್ಯ: ಈ ಎರಡು ಪದಗಳನ್ನು ಐದೈದು ಸಲ ಬರೆಯಿರಿ.
4. ನಿಮ್ಮ ಮನೆಗೆ ಬರುವ ನೀರಿನ ಪರೀಕ್ಷೆ ಯಾವಾಗ ಆಗಿದೆ? ಪಂಚಾಯತಿಯಲ್ಲಿ ಕೇಳಿ ತಾರೀಖು ಬರೆಯಿರಿ.