ಮಾರುಕಟ್ಟೆಯ ಎಲ್ಲೆ

ದಾವಣಗೆರೆ ಜಿಲ್ಲೆಯ ನಕ್ಷೆಯನ್ನು ಎದುರಿಗಿಟ್ಟುಕೊಂಡು ನೋಡಿರಿ. ದಕ್ಷಿಣದಲ್ಲಿ ಅಡಿಕೆ ತೋಟಗಳ ಚನ್ನಗಿರಿ. ನೈರುತ್ಯದಲ್ಲಿ ತುಂಗಭದ್ರೆಯ ದಡದ ಹೊನ್ನಾಳಿ, ಅದರಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿ. ಪೂರ್ವದಲ್ಲಿ ಮಳೆಯನ್ನೇ ನಂಬಿದ ಜಗಳೂರು. ಒಂದೆಡೆ ಅಡಿಕೆ, ಒಂದೆಡೆ ಭತ್ತ ಮತ್ತು ಮೆಕ್ಕೆಜೋಳ, ಮತ್ತೊಂದೆಡೆ ಈರುಳ್ಳಿ. ಬೆಳೆ ಬೇರೆಯಾದರೂ ಕೊಯ್ಲು ಮುಗಿದ ಮೇಲೆ ರೈತನನ್ನು ಕಾಡುವ ಪ್ರಶ್ನೆ ಒಂದೇ: ಧಾರಣೆ ಏನು ಸಿಕ್ಕೀತು?

ಹತ್ತು ಮಂದಿ ವರ್ತಕರು ಒಬ್ಬರಿಗೊಬ್ಬರು ತಿಳಿಯದಂತೆ ಚೀಟಿಯಲ್ಲಿ ಬೆಲೆ ಬರೆದರೆ ಮಾಲು ಹೆಚ್ಚು ಬರೆದವನಿಗೆ ಸಲ್ಲುತ್ತದೆ. ಅದೇ ಹತ್ತು ಮಂದಿ ಹಿಂದಿನ ರಾತ್ರಿಯೇ ಮಾತಾಡಿಕೊಂಡಿದ್ದರೆ? ಆಗ ಚೀಟಿಗಳು ಹತ್ತು, ಕೊಳ್ಳುವವನು ಒಬ್ಬನೇ. ಇಂತಹ ಕೂಟಗಳನ್ನು ತಡೆಯಲು ಕಾನೂನು ಬೇಕು. ಆದರೆ ಕೂಟವನ್ನು ಗುರುತಿಸುವುದು ಹೇಗೆ? ಇಲ್ಲಿ ಕಾನೂನು ಅರ್ಥಶಾಸ್ತ್ರದ ನೆರವನ್ನು ಬೇಡುತ್ತದೆ.

ನಮ್ಮ ದೇಶದಲ್ಲಿ 1969ರ ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಕಾಯಿದೆಯು ಉದ್ಯಮದ ಗಾತ್ರವನ್ನೇ ಬಹುಮಟ್ಟಿಗೆ ಸಂಶಯದಿಂದ ನೋಡಿತು. ಅದರ ಸ್ಥಾನಕ್ಕೆ ಬಂದ 2002ರ ಸ್ಪರ್ಧಾ ಕಾಯಿದೆಯಾದರೋ, ದೊಡ್ಡದಾಗಿರುವುದು ತಪ್ಪಲ್ಲ, ಪೈಪೋಟಿಗೆ ಗಣನೀಯ ಹಾನಿಯಾಯಿತೇ ಎಂಬುದೇ ಮುಖ್ಯ ಎಂದು ಬಗೆಯಿತು. ಹಾನಿಯನ್ನು ಅಳೆಯಬೇಕಾದರೆ ಮೊದಲು ಮಾರುಕಟ್ಟೆಯ ಎಲ್ಲೆಯನ್ನು ಗುರುತಿಸಬೇಕು. ಎಲ್ಲೆಯೆಂದರೆ ಪ್ರಾಂಗಣದ ಕಾಂಪೌಂಡು ಗೋಡೆಯಲ್ಲ. ಇಲ್ಲಿ ಬೆಲೆ ಇಳಿದರೆ ಮಾರುವವನು ಎಷ್ಟು ದೂರ ಹೋಗಬಲ್ಲ ಎಂಬುದು.

ಚನ್ನಗಿರಿಯ ಬೆಳೆಗಾರನನ್ನು ನೋಡೋಣ. ಒಂದು ಚೀಲ ಅಡಿಕೆಯ ಬೆಲೆಯ ಮುಂದೆ ಅದನ್ನು ಶಿವಮೊಗ್ಗಕ್ಕೋ ಭೀಮಸಮುದ್ರಕ್ಕೋ ಒಯ್ಯುವ ಬಾಡಿಗೆ ಅಲ್ಪ. ಒಣಗಿದ ಅಡಿಕೆ ಕೆಡುವ ಸರಕೂ ಅಲ್ಲ. ಬೆಲೆ ಹಿಡಿಸದಿದ್ದರೆ ಸಹಕಾರ ಸಂಘದ ಗೋದಾಮಿನಲ್ಲಿರಿಸಿ ಕಾಯಬಹುದು. ಆದುದರಿಂದ ಚನ್ನಗಿರಿಯ ವರ್ತಕನು ಶಿವಮೊಗ್ಗದ ವರ್ತಕನೊಡನೆಯೂ ಪೈಪೋಟಿ ನಡೆಸಲೇಬೇಕು.

ಜಗಳೂರಿನ ಈರುಳ್ಳಿಯ ಪಾಡು ಹಾಗಲ್ಲ. ಭಾರ ಹೆಚ್ಚು, ಬೆಲೆ ಕಡಿಮೆ, ಮಳೆ ತಾಗಿದರೆ ಕೊಳೆತ. ಲಾರಿಯಲ್ಲಿ ಬೆಂಗಳೂರಿನ ಯಶವಂತಪುರಕ್ಕೆ ಒಯ್ದ ಈರುಳ್ಳಿಯನ್ನು, ಬೆಲೆ ಬಿದ್ದಿದೆಯೆಂದು, ಮರಳಿ ಊರಿಗೆ ತಂದವರುಂಟೇ? ಕಾಯಲಾರದವನ ಮಾರುಕಟ್ಟೆ ಬಲು ಕಿರಿದು. ಎರಡು ಕಡೆಯೂ ಕೊಳ್ಳುವವರು ಹತ್ತೇ ಮಂದಿಯಿದ್ದರೂ ಅವರ ಶಕ್ತಿ ಒಂದೇ ಅಲ್ಲ. ತಲೆ ಎಣಿಸುವುದರಿಂದ ಇದು ತಿಳಿಯುವುದಿಲ್ಲ.

ಸ್ಪರ್ಧಾ ಆಯೋಗಕ್ಕಾಗಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯು ಮಹಾರಾಷ್ಟ್ರ ಮತ್ತು ಕರ್ನಾಟಕದ ಈರುಳ್ಳಿ ಮಾರುಕಟ್ಟೆಗಳನ್ನು ಅಭ್ಯಸಿಸಿ 2012ರಲ್ಲಿ ವರದಿ ನೀಡಿತು. ಹೊಸ ವರ್ತಕರು ಒಳಬರುವುದು ಎಷ್ಟು ಕಷ್ಟ ಎಂಬುದನ್ನೂ ಅದು ಪರಿಶೀಲಿಸಿತು.

ಆದರೆ ಶಾಸ್ತ್ರವು ಆರೋಪಿಯ ಪರವಾಗಿಯೂ ನುಡಿಯುತ್ತದೆಂಬುದನ್ನು ಮರೆಯಬಾರದು. ಹೊನ್ನಾಳಿಯಲ್ಲೂ ನ್ಯಾಮತಿಯಲ್ಲೂ ಮೆಕ್ಕೆಜೋಳಕ್ಕೆ ಒಂದೇ ಧಾರಣೆಯಿದ್ದರೆ ಅದು ಸಂಚೇ ಆಗಬೇಕಿಲ್ಲ. ತೀವ್ರವಾದ ಪೈಪೋಟಿಯೂ ಬೆಲೆಗಳನ್ನು ಸಮಗೊಳಿಸುತ್ತದೆ. 2012ರಲ್ಲಿ ಆಯೋಗವು ಹನ್ನೊಂದು ಸಿಮೆಂಟ್ ಕಂಪನಿಗಳಿಗೆ 6,000 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿದಾಗ ವಾದ ನಡೆದದ್ದು ಇದರ ಸುತ್ತಲೇ. ಬೆಲೆಗಳು ಜೊತೆಜೊತೆಯಾಗಿ ಏರಿದುದಷ್ಟೇ ಅಲ್ಲದೆ, ಕಾರ್ಖಾನೆಗಳು ತಮ್ಮ ಸಾಮರ್ಥ್ಯವನ್ನು ಪೂರ್ಣವಾಗಿ ಬಳಸಲಿಲ್ಲವೆಂಬುದನ್ನೂ ಆಯೋಗ ಲೆಕ್ಕಕ್ಕೆ ತೆಗೆದುಕೊಂಡಿತು. ವಿಚಾರಣೆಯ ಕ್ರಮದಲ್ಲಿ ದೋಷವಿದೆಯೆಂದು ಮೇಲ್ಮನವಿ ನ್ಯಾಯಮಂಡಳಿಯು 2015ರಲ್ಲಿ ಆ ಆದೇಶವನ್ನು ರದ್ದುಪಡಿಸಿತು. 2016ರಲ್ಲಿ ಆಯೋಗವು ಮರಳಿ ವಿಚಾರಿಸಿ ಮತ್ತೆ ದಂಡ ಹಾಕಿತು.

ಕೂಟಕ್ಕೆ ಒಳಗಿನಿಂದಲೇ ಒಂದು ಅಪಾಯವುಂಟು. ಎಲ್ಲರೂ ಕಡಿಮೆ ಬೆಲೆ ಬರೆಯಲು ಒಪ್ಪಿರುವಾಗ, ಒಬ್ಬನು ಗುಟ್ಟಾಗಿ ಒಂದು ರೂಪಾಯಿ ಹೆಚ್ಚು ಬರೆದರೆ ಮಾಲೆಲ್ಲ ಅವನದೇ. ಪ್ರತಿಯೊಬ್ಬನಿಗೂ ಈ ಆಸೆಯಿರುತ್ತದೆ, ಪಕ್ಕದವನ ಮೇಲೆ ಈ ಅನುಮಾನವೂ ಇರುತ್ತದೆ. ಇದನ್ನರಿತೇ, ಸಂಚನ್ನು ಮುಂದಾಗಿ ಒಪ್ಪಿ ಪುರಾವೆ ಒದಗಿಸುವ ಸದಸ್ಯನಿಗೆ ದಂಡವನ್ನು ಕಡಿಮೆ ಮಾಡುವ ಅವಕಾಶವನ್ನು ಸ್ಪರ್ಧಾ ಕಾಯಿದೆ ಇರಿಸಿದೆ.