ಅಮೆರಿಕದ ಬೀರು ಉದ್ಯಮ: ಪಾನನಿರೋಧಕ್ಕೆ ಮುಂಚೆ

ಪಾನನಿರೋಧವೆಂಬ ಮಾತು ಮುಂಬಯಿ ಕಡೆ ಬಾಳಿದ ನಮ್ಮವರಿಗೆ 1949ರ ಕಾಯಿದೆಯಿಂದ ಪರಿಚಿತವಾದುದೇ. ಅಮೆರಿಕ ದೇಶವೆಲ್ಲಕ್ಕೂ ಅದು 1920ರಲ್ಲಿ ಬಂದಿತು. ಅಷ್ಟು ಹಣವಂತರ ಉದ್ಯಮವನ್ನು ಒಂದು ಕಾಯಿದೆ ಹೇಗೆ ಮುಚ್ಚಿಸಿತು ಎಂದು ವಾಚನಾಲಯದ ಮಿತ್ರರೊಬ್ಬರು ಕೇಳಿದರು. ಆ ಪ್ರಶ್ನೆಯನ್ನು ಹಿಡಿದು ಹೊರಟಿದ್ದೇವೆ. ಕುಡಿತದ ಗುಣದೋಷ ವಿಚಾರ ನಮ್ಮ ಉದ್ದೇಶವಲ್ಲ.

ಬೀರು ಭಟ್ಟಿ ಇಳಿಸಿದ ಸಾರಾಯಿಯಲ್ಲ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ನುಚ್ಚುಮಾಡಿ ಬಿಸಿನೀರಿನಲ್ಲಿ ಕಲಸಿದರೆ ಸಿಹಿರಸ ಬರುತ್ತದೆ. ಅದನ್ನು ಹಾಪ್ಸ್ ಎಂಬ ಕಹಿ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಹುದುಗಿಸುತ್ತಾರೆ. 1840ರಿಂದೀಚೆಗೆ ಅಮೆರಿಕಕ್ಕೆ ವಲಸೆ ಬಂದ ಜರ್ಮನರು ಲಾಗರ್ ಎಂಬ ಬಗೆಯನ್ನು ತಂದರು. ಇದು ತಣ್ಣಗಿನ ಜಾಗದಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಮಾಗಬೇಕು. ಆದುದರಿಂದ ನೆಲಮಾಳಿಗೆಗಳು ಬೇಕು, ಚಳಿಗಾಲದಲ್ಲಿ ಕೆರೆಗಳಿಂದ ಕೊಯ್ದಿಟ್ಟ ಮಂಜುಗಡ್ಡೆ ಬೇಕು. ಮಿಲ್ವಾಕಿ ನಗರ ಬೀರಿಗೆ ಹೆಸರಾದುದಕ್ಕೆ ಅಲ್ಲಿನ ಜರ್ಮನರಷ್ಟೇ ಅಲ್ಲದೆ ಈ ಮಂಜುಗಡ್ಡೆಯೂ ಕಾರಣ. ಮುಂದೆ ಶೀತಕ ಯಂತ್ರ ಬಂದಿತು, ತಂಪು ರೈಲುಡಬ್ಬಿ ಬಂದಿತು. ಪಾಶ್ಚರನ ವಿಧಾನದಂತೆ ಕಾಯಿಸಿದ ಸೀಸೆಯ ಬೀರು ಸಾವಿರ ಮೈಲಿ ಹೋದರೂ ಕೆಡದಾಯಿತು. ದೊಡ್ಡವರು ದೊಡ್ಡವರಾದರು, ಊರೂರಿನ ಚಿಕ್ಕ ಕಾರಖಾನೆಗಳು ಮುಚ್ಚಿದವು. 1873ರಲ್ಲಿ 4,131 ಕಾರಖಾನೆಗಳಿದ್ದುವು. 1910ರ ಹೊತ್ತಿಗೆ ಉಳಿದವು ಸುಮಾರು 1,500. ಉತ್ಪಾದನೆ ಮಾತ್ರ ಒಂದು ಕೋಟಿ ಪೀಪಾಯಿಗಿಂತ ಕಡಿಮೆಯಿದ್ದುದು 1914ರಲ್ಲಿ ಆರೂವರೆ ಕೋಟಿ ದಾಟಿತ್ತು. ಒಂದು ಪೀಪಾಯಿಗೆ ಸುಮಾರು 117 ಲೀಟರು.

ದುಡಿಯುವವರ ಪಾಡು? ದಿನಕ್ಕೆ ಹದಿನಾಲ್ಕು ಗಂಟೆ, ಕೆಲವೆಡೆ ಹದಿನೆಂಟು; ಭಾನುವಾರವೂ ಬಿಡುವಿಲ್ಲ. ಅನೇಕರಿಗೆ ವಸತಿಯೂ ಊಟವೂ ಧಣಿಯದೇ. ಕುಡಿಯಲು ಬೀರು ಪುಕ್ಕಟೆ, ಅದನ್ನೇ ದೊಡ್ಡ ಉಪಕಾರವೆಂದು ಎಣಿಸಬೇಕು! ಧಣಿಯೂ ಜರ್ಮನನೇ, ಆಳೂ ಜರ್ಮನನೇ. ಊರಿನವನೆಂಬ ನಂಟು ದುಡಿಮೆಯ ಗಂಟೆಗಳನ್ನು ಕಡಿಮೆ ಮಾಡಲಿಲ್ಲ. ದೂರದೂರಿನಲ್ಲಿ ನಮ್ಮವರ ಕೈಕೆಳಗೆ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1886ರಲ್ಲಿ ಈ ಕೆಲಸಗಾರರು ಬಾಲ್ಟಿಮೋರಿನಲ್ಲಿ ರಾಷ್ಟ್ರೀಯ ಸಂಘ ಕಟ್ಟಿದರು. ಅದರ ಪತ್ರಿಕೆಯೂ ಜರ್ಮನ್ ಭಾಷೆಯಲ್ಲಿ ಹೊರಟಿತು. ಕ್ರಮೇಣ ಬೀರು ಕುದಿಸುವವನು, ಬಂಡಿ ಹೊಡೆಯುವವನು, ಬಾಯ್ಲರಿಗೆ ಬೆಂಕಿ ಹಾಕುವವನು ಎಲ್ಲರೂ ಅದೇ ಸಂಘಕ್ಕೆ ಸೇರಿದರು.

ಇನ್ನು ಮಾರಾಟ. ಸಲೂನ್ ಎಂದರೆ ನಮ್ಮಲ್ಲಿ ಕ್ಷೌರದಂಗಡಿ, ಅಲ್ಲಿ ಪಾನಗೃಹ. ಕಾರಖಾನೆಯವರೇ ಸಲೂನಿನವನ ಲೈಸೆನ್ಸ್ ಹಣ ಕಟ್ಟುವರು, ಕಟ್ಟೆ ಕನ್ನಡಿ ಒದಗಿಸುವರು. ಅವನು ಅವರ ಬೀರನ್ನು ಮಾತ್ರ ಮಾರಬೇಕು. ಪೈಪೋಟಿಯಲ್ಲಿ ಒಂದೊಂದು ಬೀದಿಯಲ್ಲೂ ಹಲವು ಸಲೂನುಗಳೆದ್ದವು. ಸಾಲ ತೀರಿಸಲು ಕೆಲವರು ಜೂಜು, ವೇಶ್ಯಾವೃತ್ತಿಗಳಿಗೂ ಜಾಗ ಕೊಟ್ಟರು. 1893ರಲ್ಲಿ ಓಹಾಯೋ ಸಂಸ್ಥಾನದಲ್ಲಿ ಹುಟ್ಟಿದ ಸಲೂನ್ ವಿರೋಧಿ ಕೂಟಕ್ಕೆ ಇದಕ್ಕಿಂತ ಹೆಚ್ಚಿನ ಪ್ರಚಾರಸಾಮಗ್ರಿ ಬೇಕಿರಲಿಲ್ಲ.

ಆದರೂ ಧಣಿಗಳು ನಿಶ್ಚಿಂತರು. 1862ರಲ್ಲಿ ಅಂತರ್ಯುದ್ಧದ ಖರ್ಚಿಗೆಂದು ಪೀಪಾಯಿಗೆ ಒಂದು ಡಾಲರ್ ತೆರಿಗೆ ಬಿದ್ದಿತ್ತು. 1910ರ ಸುಮಾರಿಗೆ ಮದ್ಯದ ತೆರಿಗೆಗಳೆಲ್ಲ ಸೇರಿ ಕೇಂದ್ರ ಸರ್ಕಾರದ ಆದಾಯದ ಮೂರನೆಯ ಒಂದು ಪಾಲಿನಷ್ಟಾಗಿದ್ದುವು. ಹಾಲು ಕೊಡುವ ಹಸುವನ್ನು ಯಾರು ಹೊಡೆದಾರು? ಆದರೆ 1913ರಲ್ಲಿ ಸಂವಿಧಾನದ ತಿದ್ದುಪಡಿಯಿಂದ ಆದಾಯ ತೆರಿಗೆ ಬಂದಿತು. ಸರ್ಕಾರಕ್ಕೆ ಬೇರೆ ಹಸು ಸಿಕ್ಕಿತು. ವಿಸ್ಕಿಗಷ್ಟೇ ಕುತ್ತು, ಬೀರು ಸೌಮ್ಯಪಾನೀಯ ಎಂಬ ಭ್ರಮೆಯೂ ಇತ್ತು. ನಮಗೆ ತೋರುವಂತೆ ಅವರನ್ನು ಹೆಚ್ಚು ಕೆಡಿಸಿದುದು ಇದೇ.

1917ರ ಏಪ್ರಿಲಿನಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿತು. ನಿನ್ನೆಯವರೆಗೆ ಬಲವಾಗಿದ್ದ ಜರ್ಮನ್ ಹೆಸರು, ಕೂಟ, ಪತ್ರಿಕೆಗಳೇ ಸಂಶಯಕ್ಕೆ ಗುರಿಯಾದವು. ಧಾನ್ಯ ಉಳಿಸಬೇಕೆಂದು ಬೀರಿಗೆ ಮಿತಿ ಹಾಕಿದರು. ಆ ಡಿಸೆಂಬರಿನಲ್ಲಿಯೇ ಪಾನನಿರೋಧದ ತಿದ್ದುಪಡಿ ಕಾಂಗ್ರೆಸ್ಸನ್ನು ದಾಟಿ ಸಂಸ್ಥಾನಗಳ ಮುಂದೆ ಹೋಯಿತು. 1919ರ ಜನವರಿಯಲ್ಲಿ ಸ್ಥಿರವಾಯಿತು. ಶೇಕಡಾ ಅರ್ಧಕ್ಕಿಂತ ಹೆಚ್ಚು ಮದ್ಯಸಾರವಿದ್ದುದೆಲ್ಲ ಮಾದಕವೆಂದು ವೋಲ್‌ಸ್ಟೆಡ್ ಕಾಯಿದೆ ಅದೇ ವರ್ಷ ಸಾರಿದಾಗ ಬೀರಿನ ಕೊನೆಯ ಆಸೆಯೂ ಮುಗಿಯಿತು. 1920ರ ಜನವರಿ 17ರಿಂದ ಜಾರಿಗೆ ಬಂದ ನಿರೋಧ ರದ್ದಾದುದು 1933ರಲ್ಲಿ.

ಬಂಡವಾಳವಿದ್ದ ಕೆಲವು ಧಣಿಗಳು ಮಾಲ್ಟಿನ ಪಾಕ, ಐಸ್‌ಕ್ರೀಂ ಮಾಡಿ ಬದುಕಿಕೊಂಡರು. ಕೆಲಸಗಾರರ ಸಂಘವು ಪಾನನಿರೋಧ ಹತ್ತಿರವಾದ ಆ ವರ್ಷಗಳಲ್ಲಿಯೇ ಹಿಟ್ಟಿನ ಗಿರಣಿಯವರನ್ನೂ ತಂಪುಪಾನೀಯದವರನ್ನೂ ಸೇರಿಸಿಕೊಂಡು ತನ್ನ ಹೆಸರನ್ನು ಉದ್ದ ಮಾಡಿಕೊಂಡಿತು. ‘ಬೀರು’ ಎಂಬ ಮಾತನ್ನು ಮಾತ್ರ ಹೆಸರಿನಿಂದ ತೆಗೆಯಲಿಲ್ಲ.